ನನ್ನನ್ನು ಎದುರು ಪಕ್ಷಕ್ಕೆ ಕಳಿಸಿದ ಮಾಸ್ತರು

ಅವರ ಬೀಳ್ಕೊಡುಗೆ ಸಮಾರಂಭದಲ್ಲಿ ಏಳು ಜನ ಮಾತಾಡಿದರು. ಏಳೂ ಜನ ಅವರನ್ನು 'ಸರಳ ಸಜ್ಜನ' ಎಂದರು. ಸಜ್ಜನ ಎಂಬುದರ ಬಗ್ಗೆ ನನ್ನ ತಕರಾರಿಲ್ಲ. ಸರಳ ಎಂಬುದನ್ನು ಮಾತ್ರ ಖಡಾಖಂಡಿತವಾಗಿ ವಿರೋಧಿಸುತ್ತೇನೆ. ನಾನು ಕಂಡವರಲ್ಲೇ ಅತ್ಯಂತ ಕಿಲಾಡಿ ಮನುಷ್ಯ ಅವರು. ಎದುರಿಗಿದ್ದವರ ಮಾತಿಗೆಲ್ಲ ತಲೆದೂಗುತ್ತ ಕೂತು, ಕೊನೆಗೆ ಅವರ ಸೋಲನ್ನು ಅವರ ಬಾಯಿಂದಲೇ ಹೇಳಿಸುವವರು ಸರಳರಾದರೆ, ಇನ್ನು ಕಿಲಾಡಿ ಎಂದು ಯಾರನ್ನು ಕರೆಯೋಣ?

ಎಂಟನೆಯವಳಾಗಿ ನಾನು ಇದನ್ನೇ ಹೇಳಬೇಕೆಂದಿದ್ದೆ. "ಊಟ ಆರಾಕತ್ತೈತಿ, ಇನ್ನ ಭಾಷಣ ಸಾಕು" ಎಂದು ನಿರೂಪಕರು ಮೈಕನ್ನು ನನ್ನ ಕೈಯಿಂದ ಕಸಿದುಕೊಂಡರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಬಾರಿಸಿದ ಮೇಲೂ ಎರಡು ನಿಮಿಷ ಎಳೆಯುತ್ತಿದ್ದವಳು ನಾನು. ಮಾತು ಶುರುವಾಗುವ ಮೊದಲೇ ಮೈಕ್ ಹೋದದ್ದು ಅದೇ ಮೊದಲು. ಮಾಸ್ತರು ಮಾತ್ರ ಹಾರದೊಳಗಿಂದ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಅವರ ಕೆಲಸ ಏನೆಂದು ಹೊರಗಿನವರಿಗೆ ಹೇಳುವುದು ತುಸು ಕಷ್ಟ. ಕಾಗದದಲ್ಲಿ ಸಂಪನ್ಮೂಲ ಶಿಕ್ಷಕ. ತಮ್ಮದೆಂದು ಒಂದು ತರಗತಿಯೂ ಇಲ್ಲ. ಓದಿನಲ್ಲಿ, ನೋಟದಲ್ಲಿ, ಕೇಳುವುದರಲ್ಲಿ, ನಡೆಯುವುದರಲ್ಲಿ ತೊಂದರೆಯಿರುವ ಮಕ್ಕಳನ್ನು ಹುಡುಕಿಕೊಂಡು ಶಾಲೆಯಿಂದ ಶಾಲೆಗೆ ತಿರುಗುವುದು, ಯಾವ ಮಗುವಿಗೆ ಏನು ಬೇಕು, ಯಾರನ್ನು ಕೇಳಬೇಕು ಎಂದು ನೋಡುವುದು. ಬಸವನ ಬಾಗೇವಾಡಿಯಲ್ಲಿ ಶುರುಮಾಡಿ, ಮುದ್ದೇಬಿಹಾಳ, ಸಿಂದಗಿ ತಿರುಗಿ, ನೌಕರಿಯ ಕೊನೆಯ ವರ್ಷಗಳಿಗೆ ಇಂಡಿ ತಾಲೂಕಿಗೆ ಬಂದಿದ್ದರು. ಒಂದು ಹಳೆಯ ಮೊಪೆಡ್. ಅದರ ಎಡಕ್ಕೊಂದು ಚೀಲ, ಬಲಕ್ಕೊಂದು ಚೀಲ. ಒಂದರಲ್ಲಿ ಮಣಿ, ಗೆಜ್ಜೆ, ಬಣ್ಣದ ಕಾಗದ, ಟಾರ್ಚು. ಇನ್ನೊಂದರಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹತ್ತಕ್ಕೆ ಬರುತ್ತೇನೆಂದರೆ ಹನ್ನೊಂದೂವರೆಗೆ ಬರುತ್ತಿದ್ದರು. ತರಬೇತಿ ಶಿಬಿರಗಳಲ್ಲಿ ಮುಂದಿನ ಸಾಲಿನಲ್ಲೇ ಕೂತು ನಿದ್ದೆ ಮಾಡುತ್ತಿದ್ದರು. ಕಚೇರಿಗೆ ಕಳಿಸಬೇಕಾದ ವರದಿಗಳ ಮೇಲೆ ಚಟ್ನಿಯ ಎಣ್ಣೆ ಇರುತ್ತಿತ್ತು. ಇಂಡಿ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಮುಂದೆ ಅವರ ಸಂಯಮವೆಲ್ಲ ಕರಗುತ್ತಿತ್ತು. ಇವನ್ನೂ ಸಮಾರಂಭದಲ್ಲಿ ಯಾರೂ ಹೇಳಲಿಲ್ಲ.

ನಾನು ಬಾಗೇವಾಡಿಯವಳು. ನೌಕರಿ ಸಿಕ್ಕದ್ದು ಸಾಲೋಟಗಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ. ಸುತ್ತಲೂ ಲಿಂಬೆಯ ತೋಟ. ಮಕ್ಕಳ ಕೈಯನ್ನು ಮೂಸಿದರೆ ಯಾರ ಮನೆಯಲ್ಲಿ ಕೊಯ್ಲು ನಡೆದಿದೆ ಎಂದು ಹೇಳಬಹುದು. ಆರನೇ ತರಗತಿ ನನ್ನದು. ಅದರಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಓಣಿಗೆಲ್ಲ ಭಾಗಿ.

ಭಾಗಿಗೆ ಒಂದು ಕಥೆಯನ್ನು ಒಮ್ಮೆ ಹೇಳಿದರೆ ಸಾಕು, ನಾನು ಕೆಮ್ಮಿದ ಜಾಗದಲ್ಲಿ ತಾನೂ ಕೆಮ್ಮಿ ಒಪ್ಪಿಸುತ್ತಿದ್ದಳು. ಬಾಯಿಲೆಕ್ಕದಲ್ಲಿ ನನಗಿಂತ ಮುಂದು. ಪುಸ್ತಕ ತೆರೆದು ಮುಂದಿಟ್ಟರೆ ಮಾತ್ರ ಮೇಲಿನ ತಗಡು ನೋಡುತ್ತಿದ್ದಳು. ಬರೆದರೆ ಚುರಮುರಿ ಚೆಲ್ಲಿದ ಹಾಗೆ ಅಕ್ಷರ. ನಾನು ತರ್ಕ ಹೂಡಿದೆ. ಬಾಯಿಗೆ ಬರುತ್ತದೆ, ಎಂದರೆ ಬುದ್ಧಿಯಿದೆ. ಬುದ್ಧಿಯಿದ್ದೂ ಬರೆಯುವುದಿಲ್ಲ, ಎಂದರೆ ಮನಸ್ಸಿಲ್ಲ. ಮನಸ್ಸಿಲ್ಲ, ಎಂದರೆ ಆಲಸ್ಯ. ಆಲಸ್ಯಕ್ಕೆ ಮದ್ದು ಅಭ್ಯಾಸ. ಒಂದೊಂದು ಶಬ್ದವನ್ನೂ ಐವತ್ತು ಸಲ ಬರೆಯಲು ಹೇಳಿದೆ. ಅವಳು ಐವತ್ತು ಸಲ ಬರೆದಳು, ಐವತ್ತು ರೀತಿಯಲ್ಲಿ. ಇದು ಉದ್ಧಟತನ ಎಂದು ತೀರ್ಪು ಕೊಟ್ಟು ಇನ್ನೈವತ್ತು ಹೇರಿದೆ. ಆ ತರ್ಕದ ಒಂದೊಂದು ಕೊಂಡಿಯೂ ಗಟ್ಟಿಯಾಗಿತ್ತು ಎಂದು ಈಗಲೂ ಅನಿಸುತ್ತದೆ. ಇಡೀ ಸರಪಳಿ ಒಂದು ಮಗುವಿನ ಕಾಲಿಗೆ ಬಿದ್ದಿತ್ತು, ಅಷ್ಟೆ.

ದಸರೆಗೆ ಮೊದಲು ಅವಳ ಅವ್ವ ಶಾಲೆಗೆ ಬಂದಳು. ಇಂಡಿಯ ಲಿಂಬೆ ಗೋದಾಮಿನಲ್ಲಿ ಹಣ್ಣು ಆರಿಸುವ ಕೆಲಸ ಆಕೆಯದು. ದಪ್ಪ, ನಡು, ಸಣ್ಣ ಎಂದು ಬೇರೆ ಮಾಡುವುದು.

"ಅಕ್ಕೋರ, ವರ್ಷದ ಪರೀಕ್ಷೆ ಮುಗಿದ ಕೂಡ್ಲೆ ಟಿ.ಸಿ. ಕೊಟ್ಟುಬಿಡ್ರಿ. ನನ್ನ ಜೋಡಿ ಕರಕೊಂಡ ಹೊಕ್ಕೇನಿ. ಆಕಿಗಿ ಅಕ್ಷರ ಹತ್ತವಲ್ಲದು. ನಿಮ್ಮದೂ ತಪ್ಪಿಲ್ಲ, ಆಕಿದೂ ತಪ್ಪಿಲ್ಲ."

ನಾನು ಎದ್ದು ನಿಂತೆ. ಕಾನೂನಿನಿಂದ ಶುರುಮಾಡಿ ಹೆಣ್ಣುಮಕ್ಕಳ ಭವಿಷ್ಯದವರೆಗೆ ಇಪ್ಪತ್ತು ನಿಮಿಷ ಮಾತಾಡಿದೆ. ಆಕೆಯ ಪ್ರತಿಯೊಂದು ಮಾತಿಗೂ ನನ್ನಲ್ಲಿ ಮೂರು ಉತ್ತರ ಇದ್ದವು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಛಂದ ಮಾತಾಡ್ತೀರಿ ನೋಡ್ರಿ. ರೇಡಿಯೋ ಕೇಳಿದಂಗ ಆತು. ಹಂಗಾದ್ರ ಪರೀಕ್ಷೆ ಮುಗಿದ ಮ್ಯಾಲ ಬರ್ತೇನಿ" ಎಂದು ಹೊರಟೇಬಿಟ್ಟಳು. ವಾದ ಗೆದ್ದೆ. ಹುಡುಗಿ ಕೈಬಿಟ್ಟು ಹೊರಟಿದ್ದಳು.

ಹೆಡ್ ಮಾಸ್ತರು ಎಲ್ಲ ಕೇಳಿಸಿಕೊಂಡಿದ್ದರು. "ಸಂಪನ್ಮೂಲ ಮಾಸ್ತರಿಗೆ ಒಂದು ಪತ್ರ ಬರೀರಿ ಟೀಚರ್" ಎಂದರು.

"ಅವರು ಬಂದು ಏನು ಮಾಡ್ತಾರ್ರಿ ಸರ? ಫಾರ್ಮ್ ತುಂಬ್ತಾರ, ಚಾ ಕುಡೀತಾರ, ಹೊಕ್ಕಾರ."

"ಕುಡೀಲಿ ಬಿಡ್ರಿ. ನಿಮ್ಮ ಜೋಡಿ ವಾದಾ ಮಾಡಿ ನನಗ ಸಾಕಾಗೈತಿ. ಒಬ್ಬ ಹೊಸಬ ಬೇಕು."

ಹೊಸಬರು ಬಂದರು, ಹನ್ನೊಂದೂವರೆಗೆ. ಎತ್ತರದ ಆಳು. ಮಕ್ಕಳ ಮಟ್ಟಕ್ಕೆ ಬಗ್ಗಿ ಬಗ್ಗಿ ಬೆನ್ನು ಅದೇ ಆಕಾರಕ್ಕೆ ನಿಂತಂತಿತ್ತು. ಕೊಟ್ಟ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ತರಗತಿಯ ಹಿಂದೆ ನೆಲಕ್ಕೆ ಕೂತರು. ಭಾಗಿ ಯಾರು ಎಂದು ಕೇಳಲೇ ಇಲ್ಲ. ಮಧ್ಯಾಹ್ನ ತಮ್ಮ ರೊಟ್ಟಿಯನ್ನು ಮುರಿದು ಮಕ್ಕಳ ತಟ್ಟೆಗಳಿಗೆ ಹಂಚಿ, ಅವರ ಅನ್ನ ಸಾರು ಹಾಕಿಸಿಕೊಂಡು ಉಂಡರು. ಸಂಜೆ ಶಾಲೆ ಬಿಟ್ಟ ಮೇಲೆ, "ಈಗ ಹೇಳ್ರಿ" ಎಂದರು.

ಹೇಳಿದೆ. ತರ್ಕದ ಸರಪಳಿಯನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿಟ್ಟೆ. ನಡುವೆ ಅವರು ಒಮ್ಮೆಯೂ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅವರು ಕೇಳಿದ್ದು ಬೇರೆಯದೇ.

"ಕಾಲೇಜಿನ್ಯಾಗ ಚರ್ಚಾ ಮಾಡ್ತಿದ್ರಂತ?"

"ಹೌದ್ರಿ. ಜಿಲ್ಲಾ ಮಟ್ಟದ ಢಾಲು ಮೂರು ಸಲ ತಂದೇನಿ."

"ಯಾವ ಕಡಿ ಮಾತಾಡಬೇಕು ಅನ್ನೋದು ಹ್ಯಾಂಗ ಗೊತ್ತಾಗತಿತ್ತು?"

"ಚೀಟಿ ಎತ್ತಸ್ತಿದ್ರು. ಪರ ಬಂದ್ರ ಪರ, ವಿರೋಧ ಬಂದ್ರ ವಿರೋಧ. ತಯಾರಿಗೆ ಐದು ಮಿನಿಟ್."

"ಅಂದ್ರ ಎರಡೂ ಕಡಿ ಮಾತಾಡಾಕ ಬರತೈತಿ?"

"ಬರೋದೇನ್ರಿ, ಎರಡೂ ಕಡಿ ಗೆದ್ದೇನಿ."

ಅವರು ಚಟ್ನಿ ಸುತ್ತಿದ್ದ ಹಾಳೆಯ ತುದಿ ಹರಿದು, ಮಡಚಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದರು. ಬಿಚ್ಚಿ ನೋಡಿದೆ. ಖಾಲಿ.

"ಏನೂ ಬರದಿಲ್ಲಲ್ರಿ."

"ಎಣ್ಣಿ ಹತ್ತೈತಿ, ಪೆನ್ನು ನಡೆಯಂಗಿಲ್ಲ. ಬಾಯಿಲೆ ಹೇಳ್ತೇನಿ ತಗೋರಿ. ನಿಮಗ ಎದುರು ಪಕ್ಷ ಬಂದೈತಿ. ಹುಡುಗಿ ಪರವಾಗಿ ಮಾತಾಡ್ರಿ. ಐದು ಮಿನಿಟ್ ಅದಾವ."

ನಾನು ಜಂಬದಿಂದಲೇ ಎದ್ದೆ. "ಭಾಗ್ಯಶ್ರೀ ಆಲಸಿಯಲ್ಲ, ಏಕೆಂದರೆ..." ಎಂದು ನಿಂತೆ. ಏಕೆಂದರೆ? ನಾಲ್ಕು ತಿಂಗಳು ಅವಳ ಎದುರು ದಿನಾ ಆರು ತಾಸು ನಿಂತಿದ್ದೆ. ಅವಳ ವಿರುದ್ಧ ಹೇಳಲು ನನ್ನಲ್ಲಿ ಹದಿನೈದು ಅಂಶಗಳಿದ್ದವು. ಪರವಾಗಿ ಒಂದೂ ಇರಲಿಲ್ಲ. ಐದು ನಿಮಿಷ ಅವರು ಕಿಟಕಿಯ ಮೇಲಿನ ಅಳಿಲನ್ನು ನೋಡುತ್ತ ಕೂತರು. ಅಳಿಲಿಗೂ ಬೇಸರ ಬಂದು ಹೋಯಿತು.

"ಸಾಕ್ಷಿ ಇಲ್ಲರಿ ನನ್ನ ಕಡೆ" ಎಂದೆ.

"ಅಯ್ಯ ಪಾಪ" ಎಂದರು, ನಿಜವಾದ ಕನಿಕರದಿಂದ. "ಹಂಗಾದ್ರ ಹುಡುಕ್ರಿ. ಬುಧವಾರ ಬರ್ತೇನಿ." ಒಂದು ಸಣ್ಣ ನೋಟ್‌ಬುಕ್ ಕೊಟ್ಟರು. ಅದಕ್ಕೊಂದೇ ಕರಾರು: ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಬೇಕು. ನನಗೆ ಅನಿಸಿದ್ದು ಅದರೊಳಗೆ ಬರಕೂಡದು.

ಆ ಬುಧವಾರ ಅವರು ನನ್ನ ಮೊದಲ ಪುಟ ತೆರೆದು, ಮೊದಲ ಸಾಲಿನ ಮೇಲೆ ಗೆರೆ ಎಳೆದರು. ಅಲ್ಲಿ 'ಗಮನ ಕೊಡುವುದಿಲ್ಲ' ಎಂದಿತ್ತು.

"ಯಾಕ್ರಿ? ಖರೇನ ಗಮನಾ ಕೊಡಂಗಿಲ್ಲ ಆಕಿ."

"ಗಮನಾ ನಿಮಗ ಕಂಡತೇನು? ಯಾವ ಬಣ್ಣ ಐತಿ?"

"ಮತ್ತ ಏನಂತ ಬರೀಲಿ?"

"ಏನು ಕಂಡತಿ?"

"ಮ್ಯಾಲ ತಗಡು ನೋಡ್ತಾಳ."

"ಹಾಂ. ತಗಡು ನೋಡ್ತಾಳ ಅಂತ ಬರೀರಿ. ಯಾವಾಗ ನೋಡ್ತಾಳ, ಅದನ್ನೂ ಬರೀರಿ."

ಇದಕ್ಕೂ ಅರ್ಧ ತಾಸು ವಾದ ಮಾಡಿದೆ. ನೋಡುವ ಕಣ್ಣು ತಟಸ್ಥವಾಗಿರಲು ಸಾಧ್ಯವೇ ಇಲ್ಲ, ಯಾವುದನ್ನು ಬರೆಯಬೇಕೆಂದು ಆರಿಸುವುದೇ ಒಂದು ಅಭಿಪ್ರಾಯ ಎಂದೆಲ್ಲ. ಎಲ್ಲ ಕೇಳಿ, "ನೀವು ಹೇಳೋದು ಬರೋಬ್ಬರಿ ಐತಿ" ಎಂದರು. ಅವರೊಂದಿಗೆ ಜಗಳವಾಡುವುದರಲ್ಲಿ ಇದೊಂದು ಕಷ್ಟ. ಸುಲಭವಾಗಿ ಒಪ್ಪಿಬಿಡುತ್ತಿದ್ದರು. ಒಪ್ಪಿದ ಮೇಲೆ ಉಳಿಯುವುದು ಕೆಲಸ ಮಾತ್ರ. ಬರೆಯುತ್ತ ಹೋದೆ.

ಹಲಗೆಯಿಂದ ನಾಲ್ಕಕ್ಷರದ ಒಂದು ಶಬ್ದ ಇಳಿಸಿಕೊಳ್ಳಲು ಭಾಗಿ ಹನ್ನೊಂದು ಸಲ ತಲೆ ಎತ್ತಿದಳು. ಓದುವಾಗ ಶಬ್ದದ ಮೊದಲ ಅಕ್ಷರ ಸರಿಯಾಗಿ ಹೇಳಿ ಉಳಿದದ್ದನ್ನು ಊಹಿಸುತ್ತಿದ್ದಳು. ಊಹೆ ಎಷ್ಟು ಚೆನ್ನಾಗಿರುತ್ತಿತ್ತೆಂದರೆ ಕೆಲವೊಮ್ಮೆ ಪಾಠಕ್ಕಿಂತ ಅದೇ ಚಂದ. ಸಾಲಿನ ಕೊನೆಗೆ ಬಂದವಳು ಮತ್ತೆ ಅದೇ ಸಾಲಿಗೆ ಹೋಗುತ್ತಿದ್ದಳು. ಲೆಕ್ಕವನ್ನು ಪಕ್ಕದ ಹುಡುಗಿ ಓದಿ ಹೇಳಿದರೆ ಉತ್ತರ ತಟ್ಟನೆ ಬರುತ್ತಿತ್ತು. ಸಾಲಾಗಿ ಓದಿಸುವಾಗ ತನ್ನ ಮುಂದೆ ಎಷ್ಟು ಜನ ಇದ್ದಾರೆಂದು ಎಣಿಸಿ, ಇನ್ನಿಬ್ಬರು ಉಳಿದಾಗ ಸರಿಯಾಗಿ ನೀರು ಕುಡಿಯಲು ಹೋಗುತ್ತಿದ್ದಳು. ಇದನ್ನು ನಾನು ತುಂಟತನವೆಂದು ತಿಳಿದಿದ್ದೆ. ನೋಟ್‌ಬುಕ್ಕಿನಲ್ಲಿ ಒಂಬತ್ತು ದಿನ ಒಂಬತ್ತು ಸಲ ಅದನ್ನೇ ಬರೆದಾಗ, ಆ ಹುಡುಗಿ ಎಷ್ಟು ಹೆದರುತ್ತಾಳೆ ಎಂಬುದು ಓದಲು ಬಂತು. ಐವತ್ತು ಸಲ ಐವತ್ತು ರೀತಿ ಬರೆದಾಗ, ಅವಳು ಐವತ್ತು ಸಲ ಹೊಸದಾಗಿ ಪ್ರಯತ್ನ ಮಾಡಿದ್ದಳು.

"ಯಾರು ಗೆದ್ರು?" ಎಂದರು ಅವರು ಮುಂದಿನ ಸಲ.

"ಎದುರು ಪಕ್ಷ."

"ನನಗೂ ಹಂಗ ಕಾಣತೈತಿ. ಆದ್ರ ಆಕಿಗಿ ಹಿಂಗ ಯಾಕ ಆಗತೈತಿ? ನನಗ ಗೊತ್ತಿಲ್ಲ. ಕೇಳೋಣು."

'ನನಗ ಗೊತ್ತಿಲ್ಲ, ಕೇಳೋಣು.' ಮೂವತ್ತು ವರ್ಷಗಳ ಅನುಭವದ ನಂತರ ಮನುಷ್ಯ ಇಷ್ಟು ಸಲೀಸಾಗಿ ಈ ಮಾತು ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ನಮ್ಮ ಇಲಾಖೆಯಲ್ಲಂತೂ ಗೊತ್ತಿಲ್ಲದವರು ಯಾರೂ ಇಲ್ಲ. ಅವರು ಕೇಳುವವರಲ್ಲಿ ದೊಡ್ಡವರು ಸಣ್ಣವರು ಎಂಬುದಿರಲಿಲ್ಲ. ತಂಗಡಗಿಯ ಕಡೆ ಒಂದು ಶಾಲೆಯಲ್ಲಿ ಗಂಟೆ ಹೊಡೆದ ಕೂಡಲೇ ಕಿವಿ ಮುಚ್ಚಿಕೊಂಡು ಹೊಳೆಯ ದಿಕ್ಕಿಗೆ ಓಡುವ ಮಗುವೊಂದಿತ್ತಂತೆ. ಕಿವಿ ಡಾಕ್ಟರರ ಹತ್ತಿರ ಹೋಗುವ ಮೊದಲು ಇವರು ಅಡುಗೆ ಮಾಡುವ ಹೆಣ್ಣುಮಗಳನ್ನು ಕೇಳಿದರು. "ನಾ ತಾಟು ಸಾವಕಾಶ ಬಡದ್ರ ಓಡಂಗಿಲ್ಲ ನೋಡ್ರಿ, ಹತ್ತರ ಬರತೈತಿ" ಎಂದಳಂತೆ ಆಕೆ. ಆ ಶಾಲೆಯ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದರು. ಡಾಕ್ಟರರಿಗೆ ಬರೆದ ಪತ್ರದಲ್ಲಿ ಆ ಅಡುಗೆಯಾಕೆಯ ಮಾತನ್ನೇ ಮೊದಲ ಸಾಲಾಗಿ ಬರೆದರು.

ಎಡವಿದ್ದನ್ನೂ ಅವರೇ ಹೇಳುತ್ತಿದ್ದರು, ಅದೂ ಹೆಮ್ಮೆಯಿಂದ. ಮುಳವಾಡದ ಹತ್ತಿರ ಒಬ್ಬ ಪುಟ್ಟ ಹುಡುಗಿಗೆ ಕಿವಿ ಕೇಳಿಸುವುದಿಲ್ಲವೆಂದು ಇವರು ತಿಳಿದರಂತೆ. ಹಿಂದಿನಿಂದ ಗೆಜ್ಜೆ ಬಾರಿಸಿದರು, ತಿರುಗಲಿಲ್ಲ. ಚಪ್ಪಾಳೆ ತಟ್ಟಿದರು, ತಿರುಗಲಿಲ್ಲ. ಆಸ್ಪತ್ರೆಗೆ ಕಾಗದ ಬರೆದು ಮುಗಿಸಿದಾಗ ಹುಡುಗಿ ಬಾಯಿ ಬಿಟ್ಟಳು: "ನನ್ನ ಗೆಜ್ಜಿ ಕೊಡೋತನ ನಾ ನಿಮ್ಮ ಜೋಡಿ ಮಾತಾಡಂಗಿಲ್ಲ." ಪರೀಕ್ಷೆಗೆಂದು ಇವರು ತೆಗೆದುಕೊಂಡಿದ್ದು ಆಕೆಯ ಕಾಲಿನ ಗೆಜ್ಜೆಯನ್ನೇ.

"ಅವತ್ತಿಂದ ಕಾಗದ ಬರಿಯೋ ಮೊದಲ ಹುಡುಗೋರನ್ನ ಕೇಳ್ತೇನಿ ನೋಡ್ರಿ" ಎನ್ನುತ್ತಿದ್ದರು.

ಭಾಗಿಯ ಕಣ್ಣು, ಕಿವಿ ಇಂಡಿಯಲ್ಲೇ ತೋರಿಸಿದೆವು. ಎರಡೂ ಚೆನ್ನಾಗಿದ್ದವು. ಇನ್ನು ವಿಜಯಪುರದಲ್ಲಿ ಮಕ್ಕಳ ಕಲಿಕೆಯ ತೊಂದರೆ ನೋಡುವ ಮನಶ್ಶಾಸ್ತ್ರಜ್ಞೆಯೊಬ್ಬರಿಗೆ ತೋರಿಸಬೇಕು ಎಂದದ್ದೇ ತಡ, ಭಾಗಿಯ ಅವ್ವ ಶಾಲೆಗೆ ಬಂದು ನಿಂತಳು.

"ಬ್ಯಾಡ್ರಿ ಅಕ್ಕೋರ. ಹುಚ್ಚರ ಡಾಕ್ಟರ ಕಡೆ ಹೋಗ್ಯಾಳ ಅಂತ ಊರಾಗ ಆದ್ರ ಮುಗೀತು. ನಾಳೆ ಹೆಣ್ಣು ನೋಡಾಕ ಬಂದವ್ರು ಆ ಕಾಗದಾನ ಮೊದಲ ಕೇಳ್ತಾರ."

ನಾನು ಬಾಯಿ ತೆರೆದೆ. ಮಾಸ್ತರು ನನ್ನ ಕೈಗೆ ರೊಟ್ಟಿಯ ಒಂದು ತುಂಡು ಕೊಟ್ಟರು. ಬಾಯಿ ಮುಚ್ಚಿಸುವ ಅವರ ಕ್ರಮ ಅದು.

"ತಂಗಿ, ನೀ ಹೇಳೋದು ಸುಳ್ಳಲ್ಲ" ಎಂದರು ಆಕೆಗೆ. "ಅದನ್ನ ಆಮ್ಯಾಲ ನೋಡೋಣು. ರವಿವಾರ ಗೋದಾಮಿಗೆ ಬರಲೇನು? ನಿನ್ನ ಕೆಲಸಾ ನೋಡಬೇಕಾಗೈತಿ ನನಗ."

ಆಕೆ ಹೋದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ, ಡಾಕ್ಟರರನ್ನು ಕೇಳುವುದು ಬಿಟ್ಟು ಗೋದಾಮಿನಲ್ಲಿ ಏನು ಕೆಲಸ ಎಂದು. ಅವರು ತಮ್ಮ ವರಸೆ ವಿವರಿಸಿದರು. ಮಗುವಿನ ಬಗ್ಗೆ ಮೊದಲು ಕೇಳಬೇಕಾದದ್ದು ಉಣಿಸುವವರನ್ನು, ಆಮೇಲೆ ಅದರ ಜೊತೆ ಆಡುವವರನ್ನು, ಮೂರನೆಯದಾಗಿ ಟೀಚರನ್ನು, ಆಮೇಲೆ ಡಾಕ್ಟರನ್ನು.

"ನಾನು ಮೂರನೇದಾಕಿ?"

"ಕಂಚಿನ ಪದಕಾ ಬಂತಲ್ರಿ, ಸಾಲದೇನು?"

ರವಿವಾರ ಹೋದೆವು. ಶಾಲೆಯಿಲ್ಲದ ದಿನ ಭಾಗಿ ಅವ್ವನ ಜೊತೆ ಬಂದು ಕೂರುತ್ತಿದ್ದಳು. ಮಾಸ್ತರು ಲಿಂಬೆಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಾವೂ ಹಣ್ಣು ಆರಿಸಲು ಹೋದರು. ಐದು ಹಣ್ಣು ಇಟ್ಟರೆ ನಾಲ್ಕು ತಪ್ಪು. ಭಾಗಿ ಬಿದ್ದು ಬಿದ್ದು ನಕ್ಕಳು. ನಾನೂ ಪ್ರಯತ್ನಿಸಿದೆ, ನಕ್ಕವರ ಸಂಖ್ಯೆ ಹೆಚ್ಚಾಯಿತು. ಭಾಗಿ ಮಾತ್ರ ನಮ್ಮ ಜೊತೆ ಮಾತಾಡುತ್ತಲೇ, ನೋಡದೆಯೇ, ಮೂರು ಬುಟ್ಟಿಗೆ ಮೂರು ತರದ ಹಣ್ಣು ಹಾಕುತ್ತಿದ್ದಳು.

"ಇದನ್ನ ಈಕಿಗಿ ಹ್ಯಾಂಗ ಕಲಿಸಿದಿ ತಂಗಿ?"

"ಕಣ್ಣು ಮುಚ್ಚಿಸಿದೆ ನೋಡ್ರಿ. ಕಣ್ಣು ತೆರದ್ರ ಎಲ್ಲಾ ಒಂದ ಥರಾ ಕಾಣತಾವ. ಒಂದೊಂದ ಹಣ್ಣು ಅಂಗೈಯಾಗ ಇಟ್ಟು, ಇದು ದಪ್ಪ, ಇದು ಸಣ್ಣ ಅಂತ ಬಾಯಿಲೆ ಅನಸ್ತಿದ್ದೆ. ಕೈಗೆ ಹತ್ತಿದ ಮ್ಯಾಲ ಕಣ್ಣಿಗೆ ತಾನ ಹತ್ತತಾವ."

ಮಾಸ್ತರ ಕೈ ರಾಶಿಯ ಮೇಲೆ ಹಾಗೇ ನಿಂತಿತು. "ಟೀಚರ್, ಬರ್ಕೋರಿ. ಆಕಿ ಅಂದಂಗ ಬರ್ಕೋರಿ. ಇದನ್ನ ಡಾಕ್ಟರಿಗೆ ಹೇಳಬೇಕು."

"ನನ್ನ ಮಾತು ಡಾಕ್ಟರಿಗೆ ಹೇಳ್ತೀರಿ?" ಎಂದಳು ಆಕೆ.

"ಹೇಳಬೇಕಾಗೈತಿ. ಆದ್ರ ನಾ ಅರ್ಧಾ ಮರೀತೇನಿ, ಟೀಚರ್ ಅರ್ಧಾ ತಮ್ಮದ ಸೇರಸ್ತಾರ. ನೀನ ಬಂದು ಹೇಳಿದ್ರ ಛಲೋ. ನಿನಗೂ ಏನರ ಕೇಳೋದಿದ್ರ ಕೇಳಬಹುದು. ಅಲ್ಲಿ ನಮ್ಮದು ಕೇಳೋ ಕೆಲಸ, ಅವರದು ಉತ್ತರಾ ಹೇಳೋ ಕೆಲಸ."

ಆಕೆ ಒಂದು ಬುಟ್ಟಿ ತುಂಬುವವರೆಗೆ ಹಣ್ಣು ಆರಿಸಿದಳು. ಕೊನೆಗೆ, "ಭಾಳ ಕೇಳೋದೈತಿ" ಎಂದಳು.

ವಿಜಯಪುರದ ಬಸ್ಸಿನಲ್ಲಿ ಆಕೆ ತನ್ನ ಪ್ರಶ್ನೆಗಳನ್ನು ಒಂದೊಂದಾಗಿ ಭಾಗಿಯ ಕಿವಿಯಲ್ಲಿ ಹೇಳಿದಳು. ಭಾಗಿ ಬೆರಳು ಮಡಚುತ್ತ ಹೋದಳು. ಆ ಮನೆಯಲ್ಲಿ ಸಂತೆಯ ಪಟ್ಟಿಯಿಂದ ಹಿಡಿದು ಎಲ್ಲವನ್ನೂ ನೆನಪಿಡುವ ಕೆಲಸ ಅವಳದೇ ಎಂದು ಆಗ ತಿಳಿಯಿತು. ಮನಶ್ಶಾಸ್ತ್ರಜ್ಞೆ ಮೈಸೂರು ಕಡೆಯ ಮಾತಿನ ಹೆಣ್ಣುಮಗಳು. ಎರಡು ದಿನ ಬೆಳಗಿನ ಹೊತ್ತು ಭಾಗಿಯನ್ನು ಕೂರಿಸಿಕೊಂಡು ಓದಿಸಿ, ಬರೆಸಿ, ಆಟವಾಡಿಸಿ ನೋಡಿದರು. ಎರಡು ಬೆಳಗಿನಲ್ಲಿ ಒಂದು ಮಗು ಅರ್ಥವಾಗುತ್ತದೆಯೇ ಎಂದು ನಾನು ಕೇಳಿಯೇಬಿಟ್ಟೆ. "ಆಗಲ್ಲ. ಅದಕ್ಕೇ ನಿಮ್ಮ ನೋಟ್‌ಬುಕ್ ಪೂರ್ತಿ ಓದಿದೆ" ಎಂದರು. ಅಲ್ಲಿಗೆ ನನ್ನ ಬಾಯಿಗೆ ರೊಟ್ಟಿಯಿಲ್ಲದೆಯೇ ಬೀಗ ಬಿತ್ತು.

ಎರಡನೆಯ ದಿನ ಎಲ್ಲ ಮುಗಿದ ಮೇಲೆ ಭಾಗಿ ಎದ್ದು ನಿಂತು ಒಂದನೆಯ ಬೆರಳು ಬಿಚ್ಚಿದಳು.

"ನಮ್ಮವ್ವ ಕೇಳ್ಯಾಳ್ರಿ. ಒಂದು: ನನ್ನ ಮಗಳಿಗಿ ಹುಚ್ಚೇನು?"

"ಇಲ್ಲಮ್ಮ. ಬುದ್ಧಿ ಚುರುಕಾಗಿದೆ. ಓದೋದಕ್ಕೆ, ಬರೆಯೋದಕ್ಕೆ ಮಾತ್ರ ಅವಳ ದಾರಿ ಬೇರೆ."

"ಎರಡು: ಇದು ಹೋಗತೈತೇನು?"

"ಜ್ವರದ ಹಾಗೆ ಬಂದು ಹೋಗೋದಲ್ಲ. ಸರಿಯಾಗಿ ಹೇಳಿಕೊಟ್ಟರೆ ನಿಧಾನವಾಗಿ ಓದ್ತಾಳೆ."

"ಮೂರು: ಈ ಕಾಗದ ಯಾರ್ಯಾರು ನೋಡ್ತಾರ?"

"ನೀವು ಯಾರಿಗೆ ತೋರಿಸ್ತೀರೋ ಅವರು."

"ನಾಕು: ಹುಡುಗೋರನ್ನ ಟೆಸ್ಟ್ ಮಾಡ್ತೀರಿ, ಆಕಿ ಟೀಚರನ್ನ ಯಾರರ ಟೆಸ್ಟ್ ಮಾಡ್ಯಾರೇನು?"

"ಏ ಹುಡುಗಿ!" ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಅದು ಕೇಳೋದಲ್ಲ, ಸುಮ್ಕ ಅಂದಿದ್ದೆ!"

"ಬ್ಯಾಡ ಅಂತ ಅಂದಿದ್ದಿಲ್ಲ ಬೇ."

ಮಾಸ್ತರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದರು. ಭಾಗಿ ಕೊನೆಯ ಬೆರಳು ಬಿಚ್ಚಿದಳು. "ಐದು: ಇದು ನನ್ನಿಂದ ಬಂದೈತೇನು?"

ಮಾಸ್ತರು ಟವೆಲ್ಲು ಕೆಳಗಿಳಿಸಿದರು. ಅವ್ವ ನೆಲ ನೋಡುತ್ತ ಹೇಳಿದಳು, ತಾನೂ ಮೂರನೆಯ ತರಗತಿಗೆ ಶಾಲೆ ಬಿಟ್ಟವಳೆಂದು, ತನಗೂ ಅಕ್ಷರ ಹೀಗೇ ಅಲ್ಲಾಡುತ್ತಿದ್ದವೆಂದು.

"ಕೆಲವು ಮನೆತನದಲ್ಲಿ ಬರುತ್ತೆ, ಎತ್ತರ, ಬಣ್ಣ ಬಂದ ಹಾಗೆ. ಅದರಲ್ಲಿ ಯಾರದೂ ತಪ್ಪಿಲ್ಲ" ಎಂದರು ಮನಶ್ಶಾಸ್ತ್ರಜ್ಞೆ.

"ನನ್ನ ವ್ಯಾಳ್ಯಾದಾಗ ಯಾರೂ ಹಿಂಗ ಕುಂಡ್ರಿಸಿ ಕೇಳಲಿಲ್ಲರಿ."

"ಈಗ ಕೇಳಾಕತ್ತೇವಲ್ಲ ತಂಗಿ" ಎಂದರು ಮಾಸ್ತರು. "ಕಣ್ಣು ಮುಚ್ಚಿಸಿ ಕಲಿಸಿದ್ದು ಹೇಳು ಡಾಕ್ಟರಿಗೆ." ಆಕೆ ಹೇಳಿದಳು. ಮನಶ್ಶಾಸ್ತ್ರಜ್ಞೆ ಪೆನ್ನು ತೆಗೆದು ಬರೆದುಕೊಂಡರು. ಅದನ್ನು ನೋಡುತ್ತಿದ್ದ ಆಕೆಯ ಮುಖವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕಂಡದ್ದು ಇಷ್ಟು: ಸೆರಗು ಸರಿಮಾಡಿಕೊಂಡು, ಕುರ್ಚಿಯ ತುದಿಯಿಂದ ಹಿಂದೆ ಸರಿದು, ಆರಾಮಾಗಿ ಕೂತಳು.

ಅಲ್ಲಿಂದ ಬಂದ ಮೇಲೆ ಪರಾತದಲ್ಲಿ ಉಸುಕು ಹರವಿ, ಕಣ್ಣು ಮುಚ್ಚಿಸಿ, ಬೆರಳಿನಿಂದ ಅಕ್ಷರ ತಿದ್ದಿಸಿದೆ. ತಿದ್ದುತ್ತ ಬಾಯಿಂದ ಹೇಳಿಸಿದೆ. ಕಿಟಕಿ ಕೊರೆದ ರಟ್ಟನ್ನು ಪುಟದ ಮೇಲಿಟ್ಟು ಒಂದೊಂದೇ ಸಾಲು ಓದಿಸಿದೆ. ಎಲ್ಲರೆದುರು ಸರದಿಯಲ್ಲಿ ಓದಿಸುವುದನ್ನು ನಿಲ್ಲಿಸಿದ ಮೊದಲ ದಿನ ಅವಳಿಗೆ ಬಾಯಾರಿಕೆ ಆಗಲಿಲ್ಲ. ಪವಾಡ ಆಯಿತೆಂದು ಹೇಳಿದರೆ ನನ್ನನ್ನು ನಾನೇ ನಂಬಲಾರೆ. ಸಂಕ್ರಾಂತಿಯ ಹೊತ್ತಿಗೆ ಅವಳು ಸಣ್ಣ ಸಾಲುಗಳನ್ನು, ಎತ್ತಿನ ಗಾಡಿಯ ವೇಗದಲ್ಲಿ, ಊಹಿಸದೆ ಓದುತ್ತಿದ್ದಳು. ಅಷ್ಟೆ. ನಾನು ಇಷ್ಟೇನಾ ಎಂದು ಮುಖ ಸಣ್ಣ ಮಾಡಿದರೆ, ಮಾಸ್ತರು ಅಷ್ಟು ಓದಿದ್ದಕ್ಕೆ ಭಜಿ ತರಿಸಿ ಹಂಚಿದರು. ದೊಡ್ಡ ಪಾಲು ತಾವೇ ತಿಂದರು.

ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚು ಸಮಯ ಕೊಡಬೇಕು, ಪ್ರಶ್ನೆಗಳನ್ನು ಓದಿ ಹೇಳಬೇಕು, ಅವಳು ಬಾಯಲ್ಲಿ ಹೇಳಿದ ಉತ್ತರ ಬರೆದುಕೊಳ್ಳಬೇಕು ಎಂದು ವಿಜಯಪುರದ ಕಾಗದದಲ್ಲಿತ್ತು. ಹೆಡ್ ಮಾಸ್ತರಿಗೆ ದಿಗಿಲಾಯಿತು.

"ಒಬ್ಬಾಕಿಗಿ ಓದಿ ಹೇಳಿದ್ರ ಉಳದವ್ರು ಸುಮ್ಕ ಬಿಡ್ತಾರೇನ್ರಿ ಮಾಸ್ತರ? ಎಲ್ಲಾರಿಗೂ ಒಂದ ನ್ಯಾಯ ಇರಬೇಕು."

"ಖರೇ ಐತ್ರಿ ಸರ" ಎಂದರು ಇವರು. "ಹಂಗಾದ್ರ ನಿಮ್ಮ ಚಷ್ಮಾ ತಗದು ಒಳಗಿಡ್ರಿ. ಉಳದ ಟೀಚರಗೋಳು ಯಾರೂ ಹಾಕ್ಕೊಂಡಿಲ್ಲ."

ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಭಾಗಿಯ ಅವ್ವ ಒಂದು ಶರತ್ತು ಹಾಕಿದಳು. "ಆಕಿ ತನ್ನ ಬುದ್ಧಿಲೆ ಪಾಸಾದ್ರ ಏಳನೇತ್ತೆಗೆ ಕಳಸ್ತೇನಿ. ನೀವು ಹೇಳಿಕೊಟ್ಟು ಪಾಸು ಮಾಡಿಸಿದ್ರ ಬ್ಯಾಡ. ಅಂಥಾ ಪಾಸು ತಗೊಂಡು ಏನು ಮಾಡ್ಲಿ? ಟಿ.ಸಿ. ಒಯ್ತೇನಿ." ಮೊದಲ ಪರೀಕ್ಷೆಯ ದಿನ ಗೋದಾಮಿಗೆ ರಜೆ ಹಾಕಿ, ನಮ್ಮನ್ನು ಕೂರಿಸಿದ್ದ ಕೋಣೆಯ ಕಿಟಕಿಯ ಹೊರಗೆ ಬಂದು ಕೂತಳು. ಕಾವಲಿಗೆ! ಅವಳ ಪಕ್ಕದಲ್ಲಿ, ಅಂದು ಒಂದೇ ದಿನ ಹತ್ತಕ್ಕೆ ಸರಿಯಾಗಿ ಬಂದಿದ್ದ ಮಾಸ್ತರು.

ನಾನು ಮೊದಲ ಪ್ರಶ್ನೆ ಓದಿದೆ. ಅದರ ಕೆಳಗಿನ ನಾಲ್ಕು ಉತ್ತರಗಳನ್ನೂ ಓದಿದೆ, ಸರಿಯಾದದ್ದನ್ನು ಆರಿಸಲು. ಎರಡನೆಯ ಪ್ರಶ್ನೆ ಓದಿದೆ. ಮೂರನೆಯದು ಓದುವ ಹೊತ್ತಿಗೆ ಭಾಗಿ ಕೈ ಎತ್ತಿದಳು.

"ಟೀಚರ್ರಿ, ಹಂಗ ಓದಬ್ಯಾಡ್ರಿ."

"ಹ್ಯಾಂಗ?"

"ಖರೇ ಉತ್ತರ ಬಂದ ಕೂಡ್ಲೆ ನಿಮ್ಮ ದನಿ ಏರತೈತಿ. ಭಾಷಣದಾಗ ಏರತೈತಲ್ಲ, ಹಂಗ. ಬ್ಯಾಡ್ರಿ. ನನಗ ಗೊತ್ತೈತಿ ಉತ್ತರ."

ಮೂರು ಢಾಲು ತಂದ ದನಿ ಅದು. ಅದು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೊರಗೆ ಮಾಸ್ತರು ದೊಡ್ಡದಾಗಿ ನಕ್ಕರು, ಪಕ್ಕದ ಕೋಣೆಯಿಂದ ಹೆಡ್ ಮಾಸ್ತರು "ಪರೀಕ್ಷೆ ನಡದೈತಿ, ಯಾರದು!" ಎಂದು ಗದರಿಸಿದರು.

"ಕೇಳಿದ್ರೇನ್ರಿ ಮಾಸ್ತರ?" ಕಿಟಕಿಯಾಚೆ ಭಾಗಿಯ ಅವ್ವನ ದನಿ, ಪಿಸುಮಾತೆಂದು ತಾನು ತಿಳಿದಷ್ಟು ಜೋರಾಗಿ. "ಅಕ್ಕೋರನ್ನ ತಿದ್ದಿದ್ಳು! ನಡೀರಿ, ನಾ ಇಲ್ಲಿ ಕುಂತು ಏನು ಕಾಯ್ಲಿ. ಏಳನೇತ್ತೆ ಪುಸ್ತಕ ಯಾವಾಗ ಕೊಡ್ತಾರ, ಅದನ್ನರ ಕೇಳೋಣು."

ಇಬ್ಬರ ಹೆಜ್ಜೆ ಸಪ್ಪಳ ದೂರವಾಯಿತು. ಭಾಗಿ ನನ್ನನ್ನೇ ನೋಡುತ್ತಿದ್ದಳು. ನಾನು ನೀರು ಕುಡಿದು, ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಓದಿದೆ, ನಾಲ್ಕೂ ಉತ್ತರಕ್ಕೆ ಒಂದೇ ದನಿ ಕೊಟ್ಟು.